ಹುಟ್ಟು, ಪಂಚೆ ಮತ್ತು ನೀರಿಗೆ ಅಂಜದ ಕ್ಯಾಮೆರಾ

ಮನೆಯ ಹೊರಗೆ ಮಾಡಿದ ಸಾಹಸಕ್ಕೆ ಮನೆಯೊಳಗೆ ಬೆಲೆ ಸಿಗುವುದು ಕಷ್ಟ. ಅಂಗಡಿಯಲ್ಲಿ ನನ್ನ ಮಾತು ನಂಬಿ ರೇಷ್ಮೆ ಸೀರೆ ಕೊಳ್ಳುವವರಿದ್ದಾರೆ. ಮನೆಯಲ್ಲಿ, ಇವತ್ತು ಬಿಸಿಲು ಜಾಸ್ತಿ ಎಂದರೂ ನನ್ನ ಹೆಂಡತಿ ನಾಗಮಣಿ ಬಾಗಿಲಿಗೆ ಹೋಗಿ ನೋಡಿಕೊಂಡು ಬರುತ್ತಾಳೆ. ಇಂಥವಳು, ಕಾವೇರಿಯಲ್ಲಿ ನಾನೇ ಹರಿಗೋಲು ನಡೆಸುತ್ತೇನೆ ಎಂದರೆ ನಂಬುತ್ತಾಳೆಯೇ?

ಅಂಗಡಿಗೆ ರಜೆಯಿದ್ದಾಗ ಕೊಳ್ಳೇಗಾಲದಿಂದ ಧನಗೆರೆ ಕಡೆಯ ಹೊಳೆಗೆ ಹೋಗುವುದು ನನಗೆ ಈಚೆಗೆ ಅಂಟಿದ ಚಟ. ಡಾಕ್ಟರು ವ್ಯಾಯಾಮ ಮಾಡಿ ಎಂದಿದ್ದರು. ನಡೆಯುವುದಕ್ಕಿಂತ ಕೂತು ಮಾಡುವ ವ್ಯಾಯಾಮವೇ ವಾಸಿ ಅನ್ನಿಸಿತು. ಹರಿಗೋಲಿನ ಮಾದೇವಣ್ಣ ಹುಟ್ಟನ್ನು ನನ್ನ ಕೈಗೆ ಕೊಟ್ಟು, ಎದುರಿಗೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾನೆ. ನಾನು ಹುಟ್ಟು ಹಾಕುತ್ತೇನೆ. ನಡುವೆ ಒಂದಿಷ್ಟು ಸುತ್ತುತ್ತೇವೆ. ಅದು ಹರಿಗೋಲಿನ ಸ್ವಭಾವ, ನನ್ನ ತಪ್ಪಲ್ಲ. ಹುಟ್ಟು ಎಂದು ಬರವಣಿಗೆಗಾಗಿ ಬರೆಯುತ್ತಿದ್ದೇನೆ. ನಮ್ಮ ಕಡೆ ಹಕಾರವನ್ನು ನುಂಗಿ 'ಉಟ್ಟು' ಅನ್ನುತ್ತೇವೆ. ಅದರಿಂದ ಈ ಪ್ರಸಂಗದವರೆಗೆ ಯಾರಿಗೂ ತೊಂದರೆಯಾಗಿರಲಿಲ್ಲ.

ಹನೂರಿನಲ್ಲಿ ನಾದಿನಿಯ ಮನೆಯ ಗೃಹಪ್ರವೇಶ. ಊಟದ ಪಂಕ್ತಿಗೆಲ್ಲ ಕೇಳುವಂತೆ ನಾಗಮಣಿ, "ಇವ್ರು ಉಟ್ಟಾಕದ ನಾ ಕಾಣ್ನಾ? ಅರಗೋಲ್ಲಿ ಮೂಟೆ ಮಡಗ್ದಂಗೆ ಕುಂತಿರ್ತಾರೆ ಕಣ್ರಿ" ಎಂದುಬಿಟ್ಟಳು. ನಗು ಎಲೆಯಿಂದ ಎಲೆಗೆ ಹೋಯಿತು. ನನಗೆ ನಿಜಕ್ಕೂ ಬೇಜಾರಾಯಿತು. ಈ ವಯಸ್ಸಿನಲ್ಲಿ ಮೈ ಬಗ್ಗಿಸಿ ಕಲಿತದ್ದು ಅದೊಂದೇ. ವಿಡಿಯೊ ಮಾಡಿ ತಂದು ತೋರಿಸುತ್ತೇನೆ ಎಂದು ಪಾಯಸದ ಮುಂದೆಯೇ ಸವಾಲು ಹಾಕಿದೆ.

ಯಳಂದೂರಿನ ಭಾಮೈದ ತನ್ನ ಪುಟ್ಟ ಕ್ಯಾಮೆರಾ ಕೊಟ್ಟ. ಸೋಪಿನ ಬಿಲ್ಲೆಯಷ್ಟು ಗಾತ್ರ. "ಬಾವ, ನೀರ್ಗೆ ಬಿದ್ರೂವೆ ಇದ್ಕೇನೂ ಆಗದಿಲ್ಲ" ಎಂದ. ಪರೀಕ್ಷೆಗೆಂದು ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿದೆ. ತಳದ ಪಾಚಿ ಬಹಳ ಸ್ಪಷ್ಟವಾಗಿ ಬಂದಿತ್ತು. ಅದನ್ನು ನೋಡಿದ ನಾಗಮಣಿ ಬಕೆಟ್ಟು ಉಜ್ಜುವ ಕೆಲಸವನ್ನು ನನಗೇ ವಹಿಸಿದಳು.

ವಿಡಿಯೊದಲ್ಲಿ ಚೆನ್ನಾಗಿ ಕಾಣಲೆಂದು ಗಂಜಿ ಹಾಕಿದ ಬಿಳಿ ಪಂಚೆ ಉಟ್ಟು, ಮೇಲೆ ಲೈಫ್ ಜಾಕೆಟ್ ಬಿಗಿದುಕೊಂಡೆ. ಕ್ಯಾಮೆರಾವನ್ನು ಹರಿಗೋಲಿನ ಅಂಚಿಗೆ ನನ್ನ ಕಡೆ ಮುಖಮಾಡಿ ಸಿಕ್ಕಿಸಿ, ದಾರದಲ್ಲಿ ಕಟ್ಟಿದೆ. ಮಾದೇವಣ್ಣ ತಲೆಗೆ ನೀರು ಹಚ್ಚಿ ಬಾಚಿಕೊಂಡು, "ಸಾ, ಇದ್ರಲ್ಲಿ ನಾನೂವೆ ಬತ್ತೀನಾ?" ಎಂದು ಅದರ ಕಡೆಗೇ ನೋಡುತ್ತ ಕೂತ. ನಾನು ಸೊಗಸಾಗಿ ಹುಟ್ಟು ಹಾಕಿದೆ. ಹೊಳೆಯ ನಡುವೆ ಬರುವ ಹೊತ್ತಿಗೆ ಜಾಕೆಟ್ಟಿನ ಪಟ್ಟಿ ಪಂಚೆಯ ಗಂಟನ್ನು ಮೆಲ್ಲಗೆ ಕೆಳಕ್ಕೆ ನೂಕತೊಡಗಿತು. ನನ್ನ ಅರ್ಧ ಗಮನ ಅಲ್ಲಿಗೆ ಹೋಯಿತು. ಅಷ್ಟರಲ್ಲಿ ಮಾದೇವಣ್ಣ ಕೂಗಿಕೊಂಡ: "ಸಾ, ಉಟ್ಟು ಜಾರ್ತಾ ಅದೆ! ಉಟ್ಟು ಇಡ್ಕಳಿ!"

ಉಟ್ಟಿದ್ದನ್ನು ಎರಡು ಕೈಯಲ್ಲೂ ಭದ್ರವಾಗಿ ಹಿಡಿದುಕೊಂಡೆ. ಹುಟ್ಟು ಹೊಳೆಯಲ್ಲಿ ತೇಲಿಹೋಯಿತು.

"ಅದಲ್ಲ ಸಾ!" ಎನ್ನುತ್ತ ಅವನು ಹುಟ್ಟಿಗಾಗಿ ಬಗ್ಗಿದ, ಹರಿಗೋಲು ವಾಲಿ ಗಿರಗಿರನೆ ತಿರುಗಿತು, ಕ್ಯಾಮೆರಾ ನೀರಿಗೆ ಬಿತ್ತು. ನನಗೆ ಜೀವಭಯವಾಯಿತು. ಏನೋ ಕೂಗಿಕೊಂಡೆ. ಪುಣ್ಯಕ್ಕೆ ಮಾದೇವಣ್ಣ ಅಂಗೈಯಲ್ಲೇ ನೀರು ತಳ್ಳಿ ಹರಿಗೋಲನ್ನು ಮರಳುದಿಣ್ಣೆಗೆ ಸೇರಿಸಿದ. ಹುಟ್ಟು ಕೆಳಗೆ ಜೊಂಡಿನಲ್ಲಿ ಸಿಕ್ಕಿಕೊಂಡಿತ್ತು. ಕ್ಯಾಮೆರಾ ಈ ಒಂದು ಸಲ ಕೆಟ್ಟಿರಲಿ ಎಂದು ಬೇಡಿಕೊಂಡು ದಾರ ಎಳೆದೆ. ಕೆಂಪು ದೀಪ ಮಿನುಗುತ್ತಲೇ ಇತ್ತು.

ಮನೆಯಲ್ಲಿ ಭಾಮೈದ ಕಾದು ಕೂತಿದ್ದ. ವಿಡಿಯೊವನ್ನು ಫೋನಿಗೆ ಹಾಕಿ ಅಕ್ಕನಿಗೆ ತೋರಿಸಿದ. ಪಂಚೆಯ ಭಾಗ ಬಂದಾಗ ನಾಗಮಣಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ತೆರೆಯೆಲ್ಲ ನೀರು, ಗುಳುಗುಳು ಸದ್ದು, ಅದರ ನಡುವೆ ನನ್ನ ದನಿ: "ನಾಗೂ!"

ಅವಳ ನಗು ನಿಂತಿತು. "ಅದ ಇನ್ನೊಂದ್ಸಲ ಆಕ್ಲಾ" ಎಂದು ತಮ್ಮನಿಗೆ ಹೇಳಿದಳು. ಮತ್ತೆ ಕೇಳಿ, "ಮುಳುಗೋ ಒತ್ನಲ್ಲಿ ನನ್ನ ಕರುದ್ರಾ?" ಎಂದಳು. "ಇನ್ಯಾರನ್ನ ಕರೀಲಿ?" ಎಂದೆ. ಆ ರಾತ್ರಿ ನನ್ನ ಅನ್ನಕ್ಕೆ ಕೇಳದೆಯೇ ಎರಡನೆಯ ಸಲ ತುಪ್ಪ ಬಿತ್ತು.

ಮೊನ್ನೆ ಕೌದಳ್ಳಿಯಲ್ಲಿ ನೆಂಟರೆಲ್ಲ ಸೇರಿದಾಗ ಅವಳೇ ಫೋನು ತೆಗೆದಳು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ನಾನು ಹುಟ್ಟು ಹಾಕುವ ಭಾಗವನ್ನೆಲ್ಲ ಬೆರಳಿನಿಂದ ಸರಿಸಿ, ನೇರವಾಗಿ ಪಂಚೆಯಿಂದ ಶುರುಮಾಡಿದಳು. ನನ್ನ ಕೂಗು ಬರುವ ಮೊದಲೇ ನಿಲ್ಲಿಸಿಬಿಟ್ಟಳು. ವಾಪಸು ಬರುವ ದಾರಿಯಲ್ಲಿ, ಅದನ್ನೇಕೆ ತೋರಿಸಲಿಲ್ಲ ಎಂದು ಕೇಳಿದೆ.

"ಅದು ನನ್ನ ಕರುದ್ದು. ಊರ್ಗೆಲ್ಲಾ ಯಾಕೆ ತೋರ್ಸ್ಲಿ?"

ಹಾಗಾದರೆ ಪಂಚೆ ಊರಿಗೆಲ್ಲ ಸೇರಿದ್ದೇ? ಈಗಲೂ ಹೊಳೆಗೆ ಹೋಗುತ್ತೇನೆ, ಪ್ಯಾಂಟು ಹಾಕಿಕೊಂಡು. ಹುಟ್ಟು ಮಾತ್ರ ಮಾದೇವಣ್ಣ ನನ್ನ ಕೈಗೆ ಕೊಡುವುದಿಲ್ಲ. ನಾನು ಮೂಟೆಯ ಹಾಗೆ ಕೂತಿರುತ್ತೇನೆ.