ಆರು ವಾರದ ಎಲುಬು, ಹನ್ನೆರಡು ನಿಮಿಷದ ಯಂತ್ರ

“ವೈನಿ, ಕೈ ಒಳಗಿಡ್ರಿ,” ಎಂದ ನನ್ನ ಮೈದುನ ತುಳಜಾಸಾ. ಅವನ ಹೊಸ ಯಂತ್ರ ನಮ್ಮ ಸಾವಜಿ ಖಾನಾವಳಿಯ ಅಡುಗೆಕಟ್ಟೆಯ ಮೇಲೆ ಬಾಯಿ ತೆರೆದು ಕೂತಿತ್ತು.

ಹಿಂದಿನ ದಿನ ಜಾರಿಬಿದ್ದು ನನ್ನ ಬಲ ಮಣಿಕಟ್ಟು ಮುರಿದಿತ್ತು. ಎಲುಬು ಕೂಡಲು ಆರು ವಾರ ಬೇಕೆಂದಿದ್ದರು ಡಾಕ್ಟರು; ಪಟ್ಟಿ ಹಾಕಿಸಿಕೊಳ್ಳದೆ ಮನೆಗೆ ಬಂದಿದ್ದೆ. ಮನೆಯಲ್ಲಿ ರೊಟ್ಟಿ ಬಡಿಯುವುದು ಈ ಕೈಯೊಂದೇ. ಅದು ಕೂಡದಿದ್ದರೆ ಖಾನಾವಳಿಗೆ ಬೀಗ.

“ಗಾಯ ಆದಕೂಡ್ಲೆ ರಕ್ತ ಹೆಪ್ಪುಗಟ್ಟಿಸೂದು ಥ್ರಾಂಬಿನ್,” ಎಂದ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ದುಡಿದವನು. “ಅಷ್ಟಕ್ಕ ಮುಗೀತು ಅಂತಾರ ಎಲ್ಲಾರೂ. ಇಲ್ರಿ. ಎಲುಬು ಕಟ್ಟೂ ಕಣಗಳನ್ನೂ ಅದ ಕರ್ಕೊಂಡ್ ಬರತೈತಿ. ನನ್ನ ಯಂತ್ರ ಅದಕ್ಕ ಅವಸರ ಮಾಡತೈತಿ. ಹನ್ನೆರಡು ನಿಮಿಷ.”

“ಯಾರ ಮ್ಯಾಲೆ ಪರೀಕ್ಷಾ ಮಾಡೀದಿ?”

“ಕೋಳಿ ಮ್ಯಾಲೆ.”

“ಎಲ್ಲೈತಿ ಅದು?”

“ಮೊನ್ನೆ ನೀವ ಸಾರು ಮಾಡಿದ್ರಲ್ಲ.”

ಗುಂಡಿ ಒತ್ತಿದ. ಮಣಿಕಟ್ಟಿನೊಳಗೆ ಇರುವೆ ಹರಿದಂತಾಯಿತು. ಮೂರನೇ ನಿಮಿಷಕ್ಕೆ, ಮೂಲೆಯಲ್ಲಿ ಮಟನ್ ಕಡಿಯುತ್ತಿದ್ದ ನನ್ನ ಗಂಡ ವಿಠ್ಠಲಸಾ ಕತ್ತಿ ನಿಲ್ಲಿಸಿದರು.

“ತುಳಜಾ, ಆಕಿ ಕೈ ಸೊಟ್ಟ ಐತಿ. ಮೊದಲ ಎಳದು ನೆಟ್ಟಗ ಮಾಡಬೇಕಿತ್ತಲ್ಲ?”

ತುಳಜಾಸಾ ಹಣೆ ಬಡಿದುಕೊಂಡ. “ಮರತೆ.”

“ಬಂದ್ ಮಾಡು ಮತ್ತ.”

“ನಡುವ ಬಂದ್ ಮಾಡಿದ್ರ ಎಂದೂ ಕೂಡಂಗಿಲ್ಲ. ಎಂಟನೇ ನಿಮಿಷಕ್ಕ ಗಟ್ಟಿ ಆಕೈತಿ. ಅಷ್ಟರೊಳಗ ನೀ ಎಳಿ ಅಣ್ಣಾ.”

“ನಾ ಕಡಿಯಾಂವ. ಕೂಡಸೂದು ನನಗೇನ್ ಗೊತ್ತು?”

“ಆರು ಆತು,” ಎಂದ ಅವನು ಗಡಿಯಾರ ನೋಡುತ್ತ.

“ನಿಮ್ಮ ವಾದ ಸಾಕು, ಎಳೀರಿ,” ಎಂದೆ.

ಗಂಡ ಕಡಿದ ತುಂಡುಗಳ ಬೋಗುಣಿಯನ್ನು ಯಂತ್ರದ ಪಕ್ಕಕ್ಕೇ ಇಟ್ಟು, ಕೈಯನ್ನು ಲುಂಗಿಗೊರೆಸಿ, ಯಂತ್ರದ ಆಚೆ ಬದಿಗೆ ಚಾಚಿದ್ದ ನನ್ನ ಬೆರಳು ಹಿಡಿದರು. ತುಳಜಾಸಾ ಮೊಣಕೈ ಹಿಡಿದ. ಎಳೆದರು. ಜಾರಿತು. ಏಳೂವರೆ. ಮತ್ತೆ ಎಳೆದರು. ಒಳಗೆ ‘ಕಟಕ್’ ಎಂದಿತು. ನನಗೆ ಕಣ್ಣು ಕತ್ತಲಾಯಿತು.

ಹನ್ನೆರಡನೇ ನಿಮಿಷಕ್ಕೆ ಯಂತ್ರ ಗಂಟೆ ಬಾರಿಸಿತು. ಕೈ ಹೊರತೆಗೆದೆ. ನೆಟ್ಟಗಿತ್ತು. ಹಿಟ್ಟಿನ ಉಂಡೆಯೊಂದನ್ನು ತಟ್ಟಿ ನೋಡಿದೆ, ನೋವಿಲ್ಲ. ಮೂವರೂ ಉಸಿರು ಬಿಟ್ಟೆವು.

ಯಂತ್ರ ಮಾತ್ರ ಗುಂಯ್ಗುಡುತ್ತಲೇ ಇತ್ತು. ಬೋಗುಣಿಯೊಳಗೆ ಏನೋ ಸರಿದಾಡಿತು. ಪಕ್ಕೆಲುಬು ಪಕ್ಕೆಲುಬನ್ನು ಹುಡುಕುತ್ತಿತ್ತು. ತೊಡೆ ಮೊಣಕಾಲಿಗೆ ಅಂಟಿತು. ಗಂಡ ಕತ್ತಿ ಬೀಸಿದರು; ಕಡಿದಲ್ಲೇ ಮತ್ತೆ ಕೂಡಿತು.

“ಕಡೀಬ್ಯಾಡ ಅಣ್ಣಾ, ಮುರಿದ ಎಲುಬು ಕಂಡ್ರ ಯಂತ್ರ ನಿಲ್ಲಂಗಿಲ್ಲ!”

ನಾನು ವೈರು ಕೀಳುವಷ್ಟರಲ್ಲಿ ಎಲ್ಲ ಸೇರಿ ಒಂದಾಗಿತ್ತು. ಗಂಡ ಮತ್ತೊಮ್ಮೆ ಬಲವಾಗಿ ಹೊಡೆದರು. ಮುರಿದದ್ದು ಕತ್ತಿ.

ಮಧ್ಯಾಹ್ನ ಬಿಸಿ ರೊಟ್ಟಿಯ ಜೊತೆ ಬದನೆಕಾಯಿ ಬಡಿಸಿದೆ.

“ಅಕ್ಕಾರ, ಮಟನ್ ಎಲ್ರೀ?” ಎಂದರು ಗಿರಾಕಿಯೊಬ್ಬರು.

“ಹಿತ್ತಲ ಬಾಗಲದಾಗ ನಿಂತೈತ್ರಿ,” ಎಂದೆ.