ಹಾಜರಿ ಬಹುಮಾನ

ಮಗಳಿಗೆ ಶಾಲೆಯಲ್ಲಿ ಬರೀ ಮಗ್ಗಿ ಕಲಿಸಿದ್ದರೆ ಅಬ್ದುಲ್ ವಹೀದನಿಗೆ ಈ ಗತಿ ಬರುತ್ತಿರಲಿಲ್ಲ. ಮಗ್ಗಿ ಬಾಯಿಪಾಠ ಮಾಡುವ ಮಕ್ಕಳು ಅಪ್ಪನಿಗೆ ಪ್ರಶ್ನೆ ಕೇಳುವುದಿಲ್ಲ. ಆದರೆ ಮಾನ್ವಿಯ ಅಕ್ಕಿ ಮಿಲ್ಲಿನ ಹಿಂದಿರುವ ಆ ಸರಕಾರಿ ಶಾಲೆಗೆ ನೇತ್ರಾವತಿ ಮೇಡಂ ಮುಖ್ಯೋಪಾಧ್ಯಾಯಿನಿಯಾಗಿ ಬಂದ ಮೇಲೆ ಮಕ್ಕಳು ಹಾಡತೊಡಗಿದ್ದರು, ಕುಣಿಯತೊಡಗಿದ್ದರು, ಬದನೆ ಗಿಡಕ್ಕೆ ನೀರು ಹಾಕುತ್ತಿದ್ದರು, ಹುಣಸೆ ಬೀಜ ಹರವಿಕೊಂಡು ಲೆಕ್ಕ ಮಾಡುತ್ತಿದ್ದರು. ಇಷ್ಟು ಸಾಲದೆಂದು ಕಳೆದ ವಾರ ಮೇಡಂ ಹೊಸದೊಂದು ಮನೆಗೆಲಸ ಕೊಟ್ಟರು. ಮನೆಯಲ್ಲಿರುವ ಒಂದು ಹಳೆಯ ವಸ್ತುವಿನ ಕತೆಯನ್ನು ಹಿರಿಯರಿಂದ ಕೇಳಿ ಬರೆಯಬೇಕು.

ಮೂರನೇ ತರಗತಿಯ ಮಿನಾಜ್ ಮನೆಯೆಲ್ಲ ಜಾಲಾಡಿ ಕೊನೆಗೆ ಅಪ್ಪನ ಅಂಗಡಿಗೆ ಬಂದಳು. ವಹೀದ್ ಟ್ರಂಕು, ಬಕೆಟ್ಟು, ಡಬ್ಬಿ ರಿಪೇರಿ ಮಾಡುವವನು. ಅವನ ಮುಂದೆ ಸದಾ ಗೇಣುದ್ದದ ರೈಲು ಕಂಬಿಯ ತುಂಡೊಂದು ಇರುತ್ತಿತ್ತು. ತಗಡನ್ನು ಅದರ ಮೇಲಿಟ್ಟೇ ಅವನು ಬಡಿಯುವುದು.

"ಅಬ್ಬಾ, ಇದು ಎಲ್ಲಿಂದ ಬಂತು?"

ಸುತ್ತಿಗೆ ಮೇಲೆಯೇ ನಿಂತಿತು. ಮೂವತ್ತೆರಡು ವರ್ಷಗಳಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ನಿಜ ಹೇಳಬೇಕೆಂದರೆ ಅದು ಮಿನಾಜಳ ಶಾಲೆಯದೇ ಗಂಟೆ. ಆಗ ವಹೀದ್ ನಾಲ್ಕನೇ ತರಗತಿ. ಮಾರನೆಯ ದಿನ ಹದಿನೇಳರ ಮಗ್ಗಿ ಒಪ್ಪಿಸಬೇಕಿತ್ತು. ಕೇಳುವವರು ವಿರೂಪಣ್ಣ ಮಾಸ್ತರು, ಅವರ ಪಕ್ಕದಲ್ಲಿ ಹೊಡೆಯಲೆಂದೇ ಇಟ್ಟ ಹುಣಸೆ ಬರಲು. ಹುಡುಗ ಬಹಳ ಯೋಚಿಸಿದ. ಗಂಟೆ ಹೊಡೆದರೆ ತಾನೆ ಶಾಲೆ? ಸಂಜೆ ಬೇವಿನ ಮರದಿಂದ ಕಂಬಿಯ ತುಂಡನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಮನೆಯ ಕೋಳಿಗೂಡಿನ ಕೆಳಗೆ ಹೂತಿಟ್ಟ. ಮರುದಿನ ಮಾಸ್ತರು ಒಂದು ತಟ್ಟೆ ಬಡಿದು ಶಾಲೆ ಶುರು ಮಾಡಿದರು. ವಹೀದ್ ಮಾತ್ರ ಹೆದರಿಕೊಂಡು ಮತ್ತೆಂದೂ ಆ ಕಡೆ ತಲೆ ಹಾಕಲಿಲ್ಲ. ಮುಂದೆ ಅಂಗಡಿ ಇಟ್ಟಾಗ ಕಂಬಿಯನ್ನು ಅಗೆದು ತೆಗೆದು ತಗಡು ಬಡಿಯಲು ಇಟ್ಟುಕೊಂಡ.

ಇದನ್ನೆಲ್ಲ ಎಂಟು ವರ್ಷದ ಮಗಳಿಗೆ ಹೇಳುವುದು ಹೇಗೆ?

"ಅದಾ? ಅದು ನನಗ ಸಾಲ್ಯಾಗ ಕೊಟ್ಟ ಬಹುಮಾನ ಬೇಟಾ. ಒಂದು ದಿನಾನೂ ತಪ್ಪಿಸಲಾರದ ಸಾಲಿಗೆ ಹೋಗಿದ್ದಕ್ಕ."

"ಬಹುಮಾನ ಅಂತ ಕಬ್ಬಿಣ ಕೊಡ್ತಿದ್ರಾ?"

"ಆಗಿನ ಕಾಲದಾಗ ಬಹುಮಾನಾನೂ ಗಟ್ಟಿ ಇರ್ತಿದ್ವು."

ಮಿನಾಜ್ ಅಪ್ಪನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಆ ನೋಟ ವಹೀದನಿಗೆ ಬಹಳ ಹಿಡಿಸಿತು. ಹಾಗಾಗಿ ಸುಳ್ಳು ಅಲ್ಲಿಗೇ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಿಟ್ಟು ನೀರು ತರಲು ಹೋಗಿ ಬಂದರೆ ಕಂಬಿ ಇರಲಿಲ್ಲ. ಅವನು ಟ್ರಂಕಿನ ಸಂದಿಯಲ್ಲಿ ಹುಡುಕುತ್ತಿರುವಾಗಲೇ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೀರಾಬಿ ಒಂದು ಜಜ್ಜಿಹೋದ ಊಟದ ಗಂಗಾಳ ಹಿಡಿದುಕೊಂಡು ಬಂದಳು.

"ಏ ವಹೀದ್, ಇದನ್ನ ಸರಿ ಮಾಡಿಕೊಡೋ. ಸಾಲಿ ಕರೆಂಟ್ ಗಂಟಿ ಸುಟ್ಟು ಎರಡು ತಿಂಗಳಾತು. ಹೊಡಿಯಾಕ ಆಳೂ ಇಲ್ಲ. ದಿನಾ ನಾನ ಗಂಗಾಳ ಬಡೀಬೇಕು."

"ಚಾಚಿ, ನನ್ನ ಕಬ್ಬಿಣ ಕಾಣವಲ್ದು!"

"ಎಲ್ಲಿಂದ ಕಾಣಬೇಕು? ಮುಂಜಾನೆ ಖಾಜಾನ ಆಟೋದಾಗ ಸಾಲಿಗೆ ಹೋತಲ್ಲ. ನಿನ್ನ ಮಗಳು ಅದರ ಬಾಜೂಕ ರಾಣಿ ಕೂತಂಗ ಕೂತಿದ್ಲು. ಇವತ್ತು ಹಳೇ ಸಾಮಾನಿನ ಪ್ರದರ್ಶನ ಅದ. ಹನ್ನೊಂದಕ್ಕ ಉದ್ಘಾಟನೆ. ರಾಯಚೂರಿಂದ ಯಾರೋ ಮುದುಕ ಮಾಸ್ತರು ಬರಾಕತ್ಯಾರ. ವಿರೂಪಣ್ಣ ಅಂತ."

ವಹೀದನ ಕೈಯಿಂದ ಗಂಗಾಳ ಜಾರಿ ಬಿತ್ತು. ಅಂಗೈ ಉರಿಯತೊಡಗಿತು, ಮೂವತ್ತೆರಡು ವರ್ಷದ ಹಿಂದಿನ ಬರಲು ಈಗ ಬಿದ್ದ ಹಾಗೆ.

ಆಟೋ ಖಾಜಾ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ. ಊರಿನ ಸಕಲ ವಿಷಯಗಳ ಮೇಲೂ ಅವನದೊಂದು ಅಭಿಪ್ರಾಯ ಇರುತ್ತಿತ್ತು. ವಹೀದ್ ಮೆಲ್ಲಗೆ ಹೋಗಿ ಪಕ್ಕದಲ್ಲಿ ಕೂತ.

"ಖಾಜಾ, ಒಂದು ಮಾತು ಕೇಳ್ತೀನಿ. ನನ್ನದಲ್ಲ, ನನ್ನ ದೋಸ್ತಂದು. ಸಣ್ಣವ ಇದ್ದಾಗ ಸರಕಾರಿ ಸಾಮಾನು ಒಂದು ಮನಿಗೆ ತಂದಾನ. ಈಗೇನಾಗ್ತದ?"

ಖಾಜಾ ಚಹಾದ ಬಸಿಯನ್ನು ಕೆಳಗಿಟ್ಟ. "ಸರಕಾರಿದಾ? ಮುಗೀತು. ದೇವದುರ್ಗದಾಗ ಒಬ್ಬಾತ ಸಾಲಿ ಬೆಂಚ್ ಒಯ್ದು ಮಗಳ ಮದುವಿ ಊಟಕ್ಕ ಹಾಕಿದ್ದ. ಮಗಳಿಗೆ ಮೊಮ್ಮಕ್ಕಳಾದ್ರೂ ಕೇಸ್ ಮುಗದಿಲ್ಲ. ಅದಿರಲಿ, ನಿನ್ನ ಕಂಬಿ ಎಷ್ಟು ಭಾರ ಅದಲೇ! ಎಲ್ಲಿಂದ ಕದ್ದಿ?"

"ಕದ್ದದ್ದಲ್ಲ!" ಎಂದು ವಹೀದ್ ಎಷ್ಟು ಜೋರಾಗಿ ಕೂಗಿದನೆಂದರೆ ಹೋಟೆಲಿನವರೆಲ್ಲ ತಿರುಗಿ ನೋಡಿದರು. ಖಾಜಾನಿಗೆ ಎಲ್ಲವೂ ಅರ್ಥವಾಯಿತು.

"ಹೆದರಬ್ಯಾಡ. ಈಗಿನ್ನೂ ಹತ್ತೂವರಿ. ಆಟೋ ಹತ್ತು. ಉದ್ಘಾಟನೆಗೆ ಮೊದಲ ನಿನ್ನ ಸಾಮಾನು ಎತ್ತಿಕೊಂಡು ಬಂದುಬಿಡು."

ಪೊಲೀಸರಿಗೆ ವಹೀದ್ ಅಷ್ಟು ಹೆದರಿರಲಿಲ್ಲ. ಆದರೆ ತುಂಬಿದ ಸಭೆಯಲ್ಲಿ ಮಾಸ್ತರು ಕಂಬಿಯನ್ನು ಗುರುತು ಹಿಡಿಯುವುದು, 'ಕಳ್ಳ' ಎನ್ನುವುದು, ಆಗ ಮಿನಾಜ್ ತನ್ನತ್ತ ತಿರುಗಿ ನೋಡುವುದು, ಇವೆಲ್ಲ ಅವನ ಕಣ್ಣಿಗೆ ಕಟ್ಟುತ್ತಿದ್ದವು. ನಮಾಜಿಗೆ ಇನ್ನೂ ಹೊತ್ತಿತ್ತು. ಅಷ್ಟರೊಳಗೆ ಅವನು ನೂರು ಸಲ ದೇವರನ್ನು ನೆನೆದಿದ್ದ.

ಆಟೋ ಶಾಲೆಯ ಕಡೆಗೆ ತಿರುಗದೆ ಬಸ್‌ಸ್ಟ್ಯಾಂಡಿನ ಕಡೆಗೆ ತಿರುಗಿತು.

"ಇಲ್ಲಿಗ್ಯಾಕೋ?"

"ಮೇಡಂ ಫೋನ್ ಮಾಡಿದ್ರು. ಯಾರೋ ಹಿರೇರು ಬಂದಾರಂತ, ಕರ್ಕೊಂಡು ಹೋಗಾಮು."

ಬಿಳಿ ಪಂಚೆ, ಹಣೆಯ ಮೇಲೆ ಮೂರೆಳೆ ವಿಭೂತಿ, ಎಪ್ಪತ್ತೈದು ದಾಟಿದರೂ ನೆಟ್ಟಗಿನ ಬೆನ್ನು. ವಿರೂಪಣ್ಣ ಮಾಸ್ತರು ಬಂದು ವಹೀದನ ಮಗ್ಗುಲಲ್ಲೇ ಕೂತರು. ವಹೀದ್ ಹೆಗಲ ಮೇಲಿನ ಟವೆಲನ್ನು ಮುಖಕ್ಕೆಲ್ಲ ಸುತ್ತಿಕೊಂಡು ಎರಡು ಕಣ್ಣು ಮಾತ್ರ ಹೊರಗೆ ಬಿಟ್ಟ.

"ಯಾಕೋ ತಮ್ಮಾ, ಹಲ್ಲು ನೋವೇನು?"

ವಹೀದ್ ತಲೆ ಆಡಿಸಿದ.

"ಯಾವೂರು ನಿಂದು?"

"ಬಾಗಲವಾಡ," ಎಂದು ಟವೆಲಿನೊಳಗಿಂದ ಸಣ್ಣ ದನಿ ಬಂತು.

"ಬಾಗಲವಾಡದಾಗ ಯಾರ ಪೈಕಿ?"

ಗೆಳೆಯನನ್ನು ಕಾಪಾಡಲು ಖಾಜಾ ಮುಂದಾದ. "ಅವಗ ಮಾತು ಬರಂಗಿಲ್ರಿ ಸಾರ್, ಮೂಗ."

"ಈಗ ಬಾಗಲವಾಡ ಅಂದನಲ್ಲೋ?"

"ಅದೊಂದ ಮಾತು ಬರ್ತದರಿ."

ಮಾಸ್ತರು 'ಹೂಂ' ಎಂದು ಹೊರಗೆ ನೋಡುತ್ತ ಕೂತರು. ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. "ಶ್ಯಾಣ್ಯಾ ಹುಡುಗರು ಮರ್ತು ಹೋಗ್ತಾರ ನೋಡು. ಹೇಳಲಾರದ ಓಡಿಹೋದವರು ನೆನಪಾಗ್ತಾರ."

ವಹೀದನಿಗೆ ಆಟೋದಿಂದ ಹಾರಿಬಿಡಬೇಕು ಎನ್ನಿಸಿತು. ಶಾಲೆಯ ಗೇಟು ಬಂದಾಗ ಹಾರಿಯೇಬಿಟ್ಟ. ಅಡುಗೆಕೋಣೆಯ ಹಿಂದಿನಿಂದ ಬಳಸಿಕೊಂಡು ಪ್ರದರ್ಶನದ ಕೋಣೆಯ ಕಡೆ ನಡೆದ. ದಾರಿಯಲ್ಲಿ ಅವನ ಹಳೆಯ ತರಗತಿಯ ಕಿಟಕಿ ಸಿಕ್ಕಿತು. ಒಳಗೆ ಟೀಚರೊಬ್ಬರು ಮಕ್ಕಳ ನಡುವೆ ನೆಲದ ಮೇಲೆ ಕೂತಿದ್ದರು. ಹುಡುಗನೊಬ್ಬ ಹುಣಸೆ ಬೀಜ ಎಣಿಸಿ ಲೆಕ್ಕ ತಪ್ಪು ಹೇಳಿದ. ಯಾರೂ ಬರಲು ಎತ್ತಲಿಲ್ಲ. ಟೀಚರು, "ಇನ್ನೊಮ್ಮೆ ಎಣಿಸು ರಾಜಾ," ಎಂದರು, ಅವನು ನಗುತ್ತ ಇನ್ನೊಮ್ಮೆ ಎಣಿಸಿದ. ತನಗೂ ಯಾರಾದರೂ ಹೀಗೆ ನಾಲ್ಕು ಹುಣಸೆ ಬೀಜ ಕೊಟ್ಟಿದ್ದರೆ ಕಂಬಿ ಕದಿಯುತ್ತಿರಲಿಲ್ಲ ಎಂದು ವಹೀದನಿಗೆ ಸಂಕಟವಾಯಿತು. ಆದರೆ ಸಂಕಟಪಡಲು ಹೊತ್ತಿರಲಿಲ್ಲ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಬೀಸುವ ಕಲ್ಲು, ಕಂದೀಲು, ಕೌದಿ, ಪಾನ್‌ದಾನ್, ಒಂದು ದೊಡ್ಡ ತಾಮ್ರದ ಹಂಡೆ, ಅದರ ಪಕ್ಕದಲ್ಲೇ ಕಂಬಿ. ಕಂಬಿಯ ಮುಂದೆ ಮಿನಾಜಳ ದುಂಡು ಅಕ್ಷರದ ಚೀಟಿ. ವಹೀದ್ ಅದನ್ನು ಓದುವ ಧೈರ್ಯ ಮಾಡಲಿಲ್ಲ. ಕಂಬಿಯನ್ನೆತ್ತಿ ಅಂಗಿಯೊಳಗೆ ತುರುಕಿ, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಎಂಟು ತಿಂಗಳ ಬಸುರಿಯಂತೆ ಹೆಜ್ಜೆ ಹಾಕಿದ.

"ಯಾರ್ರೀ ನೀವು?" ಬಾಗಿಲಲ್ಲಿ ನೇತ್ರಾವತಿ ಮೇಡಂ ನಿಂತಿದ್ದರು.

ವಹೀದ್ ಬೆಚ್ಚಿ ಹಿಂದೆ ಸರಿದ. ಅಂಗಿಯ ಗುಂಡಿ ಕಿತ್ತುಬಂತು. ಕಂಬಿ ಜಾರಿ ನೇರವಾಗಿ ತಾಮ್ರದ ಹಂಡೆಯ ಮೇಲೆ ಬಿತ್ತು.

ಠಣ್!

ಇಡೀ ಶಾಲೆಗೆ ಕೇಳಿಸಿತು. ಎರಡು ತಿಂಗಳಿಂದ ಗಂಗಾಳದ ಸದ್ದು ಕೇಳಿ ಬೇಸತ್ತಿದ್ದ ಮಕ್ಕಳು ಹೋ ಎಂದು ತರಗತಿಗಳಿಂದ ಹೊರಗೋಡಿ ಬಂದು ಅಂಗಳದಲ್ಲಿ ಸಾಲಾಗಿ ನಿಂತುಬಿಟ್ಟರು. ಆಗ ತಾನೆ ಹಾರ ಹಾಕಿಸಿಕೊಳ್ಳಲು ಬಗ್ಗಿದ್ದ ವಿರೂಪಣ್ಣ ಮಾಸ್ತರು ತಟ್ಟನೆ ತಲೆ ಎತ್ತಿದರು.

"ಈ ಸಪ್ಪಳ ನನಗ ಗೊತ್ತದ," ಎಂದು ಅವರು ನೇರ ಕೋಣೆಗೆ ಬಂದರು.

ಅವರ ಹಿಂದೆ ಟೀಚರುಗಳು, ಹೀರಾಬಿ, ಇದೆಲ್ಲವನ್ನೂ ಬಿಟ್ಟು ಹೋಗಲು ಮನಸ್ಸಿಲ್ಲದ ಖಾಜಾ. ಎಲ್ಲರ ಕಾಲ ಸಂದಿಯಿಂದ ನುಸುಳಿ ಬಂದವಳು ಮಿನಾಜ್.

"ನಮ್ಮ ಅಬ್ಬಾ ಬಂದಾನ! ಸಾರ್, ಇದು ನಮ್ಮ ಅಬ್ಬಾನ ಬಹುಮಾನ!" ಅವಳು ಚೀಟಿಯನ್ನೆತ್ತಿಕೊಂಡು ದೊಡ್ಡ ದನಿಯಲ್ಲಿ ಓದಿದಳು. "ನಮ್ಮ ಅಬ್ಬಾ ಇದೇ ಶಾಲೆಯಲ್ಲಿ ಓದಿದರು. ಅವರು ಒಂದು ದಿನವೂ ಶಾಲೆಗೆ ತಪ್ಪಿಸಿಕೊಳ್ಳಲಿಲ್ಲ. ಅದಕ್ಕೆ ಗುರುಗಳು ಈ ಬಹುಮಾನ ಕೊಟ್ಟರು. ನಾನೂ ನಮ್ಮ ಅಬ್ಬಾನಂತೆ ಆಗುತ್ತೇನೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಸ್ತರು ತಟ್ಟಲಿಲ್ಲ. ಬಗ್ಗಿ ಕಂಬಿಯ ತುದಿಯಲ್ಲಿದ್ದ ತೂತಿನಲ್ಲಿ ಬೆರಳು ತೂರಿಸಿ ನೋಡಿದರು. ಒಂದು ಕಾಲದಲ್ಲಿ ಬೇವಿನ ಮರಕ್ಕೆ ಕಟ್ಟಲು ತಂತಿ ಪೋಣಿಸಿದ್ದ ತೂತು ಅದು. ಆಮೇಲೆ ವಹೀದನನ್ನು ನೋಡಿದರು. ಟವೆಲು ಕೊರಳಿಗೆ ಜಾರಿತ್ತು. ಆ ಕ್ಷಣ ನೆಲ ಬಾಯಿ ಬಿಟ್ಟಿದ್ದರೆ ವಹೀದ್ ಸಂತೋಷದಿಂದ ಒಳಗೆ ಹೋಗುತ್ತಿದ್ದ. ಅವನು ಮಗಳ ಮುಖವನ್ನು ಕೊನೆಯ ಸಲವೆಂಬಂತೆ ನೋಡಿದ. ಅದು ಹೆಮ್ಮೆಯಿಂದ ಅರಳಿತ್ತು.

ಮಾಸ್ತರೂ ಆ ಮುಖವನ್ನೇ ನೋಡಿದರು. 

"ಹೌದವ್ವಾ. ನಾನ ಕೊಟ್ಟದ್ದು. ಇಂಥಾ ಹುಡುಗನ್ನ ನಾನು ಇನ್ನೊಬ್ಬನ್ನ ನೋಡಿಲ್ಲ."

ವಹೀದನ ಕಣ್ಣಲ್ಲಿ ನೀರು ತುಂಬಿತು. ಮಾಸ್ತರ ಕಾಲು ಮುಟ್ಟಲು ಬಗ್ಗಿದ. ಅಷ್ಟರಲ್ಲಿ ಅವರು ಮೇಡಂ ಕಡೆ ತಿರುಗಿದರು.

"ಅಲ್ರಿ ಮೇಡಂ, ಗಂಟಿ ಹೊಡಿಯಾಕ ಆಳಿಲ್ಲ ಅಂತ ಫೋನಿನ್ಯಾಗ ಹೇಳ್ತಿದ್ರಲ್ಲ? ಇದನ್ನ ಬೇವಿನ ಗಿಡಕ್ಕ ಕಟ್ಟಿಸ್ರಿ. ಒಂದು ದಿನಾನೂ ತಪ್ಪಿಸಲಾರದಾತ ಇಲ್ಲೇ ಅದಾನ. ದಿನಾ ಬಂದು ಗಂಟಿ ಇವನ ಹೊಡೀತಾನ. ಏನಂತೀ ವಹೀದ್?"

"ನಮ್ಮ ಅಬ್ಬಾ ಹೊಡೀತಾನ!" ಎಂದು ಮಿನಾಜ್ ಕುಣಿದಳು. ಹೀರಾಬಿ ಗಂಗಾಳಗಳು ಬದುಕಿದವು ಎಂದು ಕೈಮುಗಿದಳು. ಮೇಡಂ ಅಲ್ಲೇ ಪುಸ್ತಕದಲ್ಲಿ ಹೆಸರು ಬರೆದುಕೊಂಡರು. ಇನ್ನೂ ಬಗ್ಗಿಯೇ ಇದ್ದ ವಹೀದನ ಕಿವಿಯಲ್ಲಿ ಮಾಸ್ತರು ಮೆಲ್ಲಗೆ ಹೇಳಿದರು.

"ಮೂವತ್ತೆರಡು ವರ್ಷ ಗೈರು ಅದ ನಿಂದು. ಎಲ್ಲಾ ತುಂಬಿಕೊಡಬೇಕು. ನಾಳೆ ಶನಿವಾರ, ಮುಂಜಾನಿ ಸಾಲಿ. ಏಳೂವರಿಗೆ ಇರು."

ಮರುದಿನ ಆರು ಗಂಟೆಗೇ ಮಿನಾಜ್ ಅಪ್ಪನ ಚಾದರ ಎಳೆದಳು. ಏಳೂವರೆಗೆ ವಹೀದ್ ಬೇವಿನ ಮರದ ಕೆಳಗೆ ನಿಂತು, ತಾನೇ ಕದ್ದ ಗಂಟೆಯನ್ನು ತನ್ನದೇ ಸುತ್ತಿಗೆಯಿಂದ ಬಡಿದ. ಮಕ್ಕಳು ಬಂದು ಸಾಲು ನಿಂತರು. ಇನ್ನು ಬದುಕಿದೆ ಎಂದು ಹೊರಡಲು ತಿರುಗಿದರೆ ಮಗಳು ಕೈ ಹಿಡಿದುಕೊಂಡಳು.

"ಎಲ್ಲಿಗೆ ಅಬ್ಬಾ? ಸಾರ್ ರಾಯಚೂರಿಗೆ ಹೋಗಿಲ್ಲ. ನಿನ್ನ ಸಲುವಾಗಿನ ಉಳದಾರಂತ."

ವರಾಂಡದ ಕುರ್ಚಿಯಲ್ಲಿ ವಿರೂಪಣ್ಣ ಮಾಸ್ತರು ಕೂತಿದ್ದರು. ತೊಡೆಯ ಮೇಲೆ ಒಂದು ಬಟ್ಟಲು ಹುಣಸೆ ಬೀಜ. ಕಾಲ ಬದಲಾಗಿದೆ ಎಂಬುದನ್ನು ಅವರೂ ಒಪ್ಪಿಕೊಂಡ ಹಾಗಿತ್ತು. ವಹೀದ್ ಗೇಟಿನ ಕಡೆ ನೋಡಿದ. ಅಲ್ಲಿ ಖಾಜಾ ಆಟೋ ಅಡ್ಡ ನಿಲ್ಲಿಸಿ, ಚಹಾದ ಬಸಿ ಹಿಡಿದುಕೊಂಡು ಆರಾಮಾಗಿ ಕೂತಿದ್ದ.

"ಬಾ ಬಾ," ಎಂದು ಮಾಸ್ತರು ಬಟ್ಟಲನ್ನು ಮುಂದೆ ಸರಿಸಿದರು. "ಹದಿನೇಳ ಒಂದ್ಲೆ?"