ಈರುಳ್ಳಿಯ ಮೇಲೆ ಸರ್ಕಾರದ ಕಣ್ಣು

ಸಂಕರ್ಷಣನ ನೆಮ್ಮದಿ ಕೆಡಿಸಿದ್ದು ಸುಬ್ಬರಾಯಪ್ಪನವರ ಪೇಪರು. ಟೆಲಿಫೋನ್ ಇಲಾಖೆಯಲ್ಲಿ ಕಂಬ ಹತ್ತಿ ಹತ್ತಿ ರಿಟೈರ್ ಆಗಿದ್ದ ಸುಬ್ಬರಾಯಪ್ಪನವರು ಪೇಪರ್ ತರಿಸುತ್ತಿದ್ದುದು ತಾವು ಓದಿಕೊಳ್ಳುವುದಕ್ಕಲ್ಲ, ಬೀದಿಗೆ ಓದಿ ಹೇಳುವುದಕ್ಕೆ. ಅವರ ಜಗಲಿ ದಾಟುವವರು ಒಂದು ಸುದ್ದಿಯನ್ನಾದರೂ ಕೇಳಿಸಿಕೊಂಡೇ ಮುಂದೆ ಹೋಗಬೇಕು. ಅವತ್ತು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು, ಸಂಕರ್ಷಣ ಸರಸರ ನಡೆದು ಬರುತ್ತಿದ್ದಾಗ ಅವನ ಪಾಲಿಗೆ ಬಂದ ಸುದ್ದಿ ಇದು.

"ಈ ಇ-ಮೇಲು ಗಿಮೇಲು ಬರಿಯೋರೆಲ್ಲ ಹುಷಾರಾಗಿರಬೇಕಪ್ಪ. ಸರ್ಕಾರ ಮನಸ್ಸು ಮಾಡಿದ್ರೆ ಯಾರದು ಬೇಕಾದ್ರೂ ತೆಗೆದು ಓದಬೌದಂತೆ."

ಬೇರೆ ಊರಿನವರಾಗಿದ್ದರೆ ದೆಹಲಿಯನ್ನೋ ಬೆಂಗಳೂರನ್ನೋ ನೆನೆಸಿಕೊಂಡು ಸುಮ್ಮನಾಗುತ್ತಿದ್ದರು. ಆದರೆ ಮುಳಬಾಗಿಲಿನ ಆ ಬೀದಿಯವರಿಗೆ ಸರ್ಕಾರ ಎಂದರೆ ಒಬ್ಬರೇ: ಸಂಕರ್ಷಣನ ಸೋದರಮಾವ ಕೃಷ್ಣಮೂರ್ತಿ. ಅವರು ಒಂದು ಸರ್ಕಾರಿ ಆಫೀಸಿನ ಗುಮಾಸ್ತರು. ಯಾವ ಆಫೀಸು ಎಂದು ಹೇಳಿದರೆ ಪಾಪ ಅವರಿಗೇ ತೊಂದರೆ. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಿದರೆ ಸರ್ಕಾರ ಎದುರು ಮನೆಯಲ್ಲೇ ಸಿಗುತ್ತಿತ್ತು. ಸಂಜೆ ಸೈಕಲ್ ತುಳಿದುಕೊಂಡು ಬರುತ್ತಿತ್ತು, ಕೈಕಾಲು ತೊಳೆದು ಸಂಧ್ಯಾವಂದನೆ ಮಾಡುತ್ತಿತ್ತು, ಆಮೇಲೆ ಆಫೀಸಿನಲ್ಲಿ ನಡೆದದ್ದನ್ನೆಲ್ಲ ಅಕ್ಕ ಗುಂಡಮ್ಮನ ಮುಂದೆ ಕೂತು ಹೇಳುತ್ತಿತ್ತು. ಆ ಗುಂಡಮ್ಮನೇ ಸಂಕರ್ಷಣನ ತಾಯಿ. ಸಾಲದ್ದಕ್ಕೆ ಸರ್ಕಾರಕ್ಕೆ ಆ ವರ್ಷವೇ ಹೊಸ ಕಂಪ್ಯೂಟರ್ ಬಂದಿತ್ತು.

ಸಂಕರ್ಷಣನ ಕಾಲು ಅಲ್ಲೇ ನಿಂತುಬಿಟ್ಟಿತು. ಯಾಕೆಂದರೆ ಅವನು ಹಿಂದಿನ ದಿನ ಬರೆದಿದ್ದ ಮೇಲ್‌ನಲ್ಲಿ ಈರುಳ್ಳಿ ಇತ್ತು.

ಶ್ರೀನಿವಾಸಪುರದ ಮೃದುಲಾಳನ್ನು ಅವನು ನೋಡಿ ಬಂದು ಸ್ವಲ್ಪ ದಿನ ಆಗಿತ್ತು. ಜಾತಕ ಕೂಡಿತ್ತು. ಒಪ್ಪುವುದು ಬಿಡುವುದು ಹುಡುಗಿಗೆ ಬಿಟ್ಟದ್ದು, ಅವಳು ಹೇಳುವ ತನಕ ಹುಡುಗ ಹುಡುಗಿ ಮಾತಾಡಕೂಡದು ಎಂದು ಹಿರಿಯರು ಕಟ್ಟು ಮಾಡಿದ್ದರು. ಆದರೆ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದ ಮೃದುಲಾ, ಉಪ್ಪಿಟ್ಟಿನ ತಟ್ಟೆ ಕೊಡುವಾಗ ಅದರ ಕೆಳಗೇ ತನ್ನ ಮೇಲ್ ಐಡಿಯ ಚೀಟಿಯನ್ನೂ ಕೊಟ್ಟಿದ್ದಳು. ಅಲ್ಲಿಂದ ದಿನಾ ಪತ್ರ ಓಡಾಡುತ್ತಿತ್ತು. ಸಂಕರ್ಷಣನಿಗೆ ಅವಳ ಮೇಲೆ ಎಷ್ಟು ಮನಸ್ಸಾಗಿತ್ತು ಎಂದರೆ, ಅವಳಿಗೆ ಸುಳ್ಳು ಹೇಳಿ ಮದುವೆಯಾಗುವುದು ಅವನಿಂದ ಆಗಲಿಲ್ಲ. ಹುಡುಗನನ್ನು ಹೊಗಳುವಾಗ ಮಾವ ಅವರ ಮನೆಯಲ್ಲಿ, "ನಮ್ಮ ಸಂಕು ಈರುಳ್ಳಿ ಮಾರೋ ಬೀದೀಲೂ ನಡಿಯೋನಲ್ಲ" ಎಂದಿದ್ದರು. ನಿಜ ಏನೆಂದರೆ, ಆಡಿಟರ್ ಆಫೀಸಿನಲ್ಲಿ ಕೆಲಸ ಮುಗಿಸಿ ಮನೆಗೆ ಬರುವಾಗ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಈರುಳ್ಳಿ ಪಲ್ಯ ತುಂಬಿದ ಮಸಾಲೆ ದೋಸೆ ತಿನ್ನದಿದ್ದರೆ ಅವನಿಗೆ ಆ ದಿನ ದಿನವೇ ಅಲ್ಲ. ಅದನ್ನೇ ಬರೆದಿದ್ದ. ಇಂಥವನು ಆಗಬಹುದಾದರೆ ಹೂಂ ಎನ್ನು, ಇಲ್ಲವಾದರೆ ಬೇಜಾರಿಲ್ಲ ಎಂದು ಮುಗಿಸಿದ್ದ. ಬೇಜಾರಿಲ್ಲ ಎಂದದ್ದು ಮಾತ್ರ ಸುಳ್ಳು. ಉತ್ತರ ಇವತ್ತು ಬರಬೇಕಿತ್ತು.

ಕ್ಯಾಲನೂರಿನಿಂದ ಬಂದು ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ ಶ್ರೀಧರ್ ಆಗ ತಾನೇ ಊದುಬತ್ತಿ ಬೆಳಗುತ್ತಿದ್ದ. ಸಂಕರ್ಷಣ ಕುರ್ಚಿಯಲ್ಲಿ ಕೂರದೆ ಬಾಗಿಲಲ್ಲೇ ನಿಂತು, ಮೇಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿದ. ಶ್ರೀಧರ್ ಉತ್ಸಾಹದಿಂದ ವಿವರಿಸಿದ: ಇಲ್ಲಿಂದ ಟೆಲಿಫೋನ್ ಎಕ್ಸ್‌ಚೇಂಜ್, ಅಲ್ಲಿಂದ ಬೆಂಗಳೂರು, ಅಲ್ಲಿಂದ ಅಮೆರಿಕ, ಅಮೆರಿಕದಿಂದ ಶ್ರೀನಿವಾಸಪುರ. ಅಷ್ಟು ದೂರ ಸುತ್ತಿ ಬರುವ ಪತ್ರವನ್ನು ಮಧ್ಯದಲ್ಲಿ ಯಾರು ತಡೆದು ಓದುತ್ತಾರೆ, ಕೋಟಿಗಟ್ಟಲೆ ಜನ ಬರೆಯುತ್ತಾರೆ, ಸರ್ಕಾರಕ್ಕೆ ಬೇರೆ ಕೆಲಸ ಇಲ್ಲವೇ ಎಂದು ಧೈರ್ಯವನ್ನೂ ಹೇಳಿದ.

"ಇಲ್ಲಿಂದ ಎಕ್ಸ್‌ಚೇಂಜ್‌ಗೆ ವೈರು ಯಾವ ಕಡೆಯಿಂದ ಹೋಗುತ್ತೆ?" ಎಂದ ಸಂಕರ್ಷಣ.

"ನಿಮ್ಮ ಮಾವನೋರ ಆಫೀಸಿನ ಗೋಡೆ ಪಕ್ಕದಾಗೇ ಸಾರ್. ಯಾಕೆ?"

ಸಂಕರ್ಷಣ ಮೇಲ್ ನೋಡದೆ ಮೆಟ್ಟಿಲಿಳಿದ. ಈಗಲೇ ತೆಗೆದರೆ ಉತ್ತರವೂ ಮಾವನ ಕಣ್ಣಿಗೆ ಬಿದ್ದೀತು ಎಂಬ ಭಯ. ಹುಡುಗಿಯನ್ನೂ ತನ್ನ ಜೊತೆ ಸಿಕ್ಕಿಸಬಾರದು. ಇನ್ನು ಈ ಮೇಲ್ ಸಹವಾಸವೇ ಬೇಡ ಎಂದು ತೀರ್ಮಾನಿಸಿ, ಎಸ್‌ಟಿಡಿ ಬೂತಿಗೆ ಹೋಗಿ ಶ್ರೀನಿವಾಸಪುರಕ್ಕೆ ಫೋನ್ ಮಾಡಿದ. ಮೃದುಲಾಳ ತಂದೆಯ ದನಿ ಕೇಳಿದ್ದೇ ರಾಂಗ್ ನಂಬರ್ ಎಂದು ತಾನೇ ಹೇಳಿ ಇಟ್ಟುಬಿಟ್ಟ. ಬೂತಿನ ಮುಂದೆ ಹೂ ಕಟ್ಟುತ್ತಿದ್ದ ಬೈರಮ್ಮ ತಲೆಯೆತ್ತಿ, ಮದುವೆ ಮಾತು ನಡೀತಿರೋ ಮನೆಗೆ ರಾಂಗ್ ನಂಬರ್ ಯಾಕೆ ಸ್ವಾಮಿ ಎಂದು ಕೇಳಿದಳು. ಯಾವ ಮನೆ ಎಂದು ಅವಳಿಗೆ ಹೇಗೆ ಗೊತ್ತಾಯಿತೋ, ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಆಡಿಟರ್ ಆಫೀಸಿನಲ್ಲಿ ಅವತ್ತು ಅವನು ಕೂಡಿದ್ದೆಲ್ಲ ತಪ್ಪು. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ, ಏನಾದರಾಗಲಿ ನೋಡಿಯೇ ಬಿಡುವುದು ಎಂದು ಒಂದು ಫೈಲು ಕಂಕುಳಲ್ಲಿಟ್ಟುಕೊಂಡು ಮಾವನ ಆಫೀಸಿಗೆ ಹೋದ. ಬಾಗಿಲಿನಿಂದ ಹೋಗಲು ಧೈರ್ಯ ಸಾಲದೆ ಹಿಂದಿನ ಕಿಟಕಿಗೆ ಬಂದು ಇಣುಕಿದ.

ಕೃಷ್ಣಮೂರ್ತಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದರು. ಹಿಂದೆ ಇಬ್ಬರು ಗುಮಾಸ್ತರು ಬಗ್ಗಿ ನೋಡುತ್ತಿದ್ದರು. ಒಬ್ಬ ತೊಡೆ ತಟ್ಟಿಕೊಂಡು ನಗುತ್ತಿದ್ದ. ಮಾವನ ಮುಖದಲ್ಲಿ ಮಾತ್ರ ನಗು ಇರಲಿಲ್ಲ. ಗ್ರಹಣದ ದಿನದ ಗಾಂಭೀರ್ಯ ಇತ್ತು. ಅಷ್ಟರಲ್ಲಿ ಅವರು ಕತ್ತೆತ್ತಿ ಕಿಟಕಿಯಲ್ಲಿ ಸೋದರಳಿಯನನ್ನು ಕಂಡರು. ಮುಖ ಬಿಳಿಚಿಕೊಂಡಿತು. ಗಡಬಡಿಸಿ ಎದ್ದು, ಕಂಪ್ಯೂಟರಿಗೆ ಪ್ಲಾಸ್ಟಿಕ್ ಕವರ್ ಎಳೆದು, ಕಿಟಕಿಯ ಹತ್ತಿರ ಬಂದರು.

"ಸಂಕು, ಇಲ್ಲಿ ಏನೂ ಮಾತಾಡ್ಬೇಡ. ಸಂಜೆ ಮನೆಗೆ ಬಾ. ನಿನ್ನ ಹತ್ರ ಒಂದು ಮುಖ್ಯವಾದ ವಿಷಯ ಮಾತಾಡ್ಬೇಕು."

ಇನ್ನೇನು ಉಳಿದಿತ್ತು? ಮೂರು ಜನ ಓದಿದ್ದಾರೆ, ಒಬ್ಬ ನಕ್ಕಿದ್ದಾನೆ, ಮಾವನ ಮಾನ ಹೋಗಿದೆ. ಸಂಕರ್ಷಣ ಎಲ್ಲೆಲ್ಲೋ ಸುತ್ತಿದ. ಮಾವ ಸಂಬಂಧ ಬೇಡ ಎಂದು ಶ್ರೀನಿವಾಸಪುರಕ್ಕೆ ಒಂದು ಮಾತು ಹೇಳಿ ಕಳಿಸಿದರೆ ಮುಗಿಯಿತು, ಮೃದುಲಾ ಇನ್ನೊಬ್ಬನಿಗೆ ಉಪ್ಪಿಟ್ಟು ಕೊಡುತ್ತಾಳೆ. ಆ ಯೋಚನೆ ಬಂದದ್ದೇ ಅವನ ಕಣ್ಣು ತುಂಬಿತು. ಹುಡುಗಿ ಕೈತಪ್ಪಿ ಹೋಗುವುದಕ್ಕಿಂತ ತಾನಾಗಿಯೇ ತಪ್ಪೊಪ್ಪಿಕೊಂಡು ಕಾಲಿಗೆ ಬೀಳುವುದು ವಾಸಿ ಎಂದುಕೊಂಡ.

ಸಂಜೆ ಮಾವನ ಜಗಲಿಯಲ್ಲಿ ಗುಂಡಮ್ಮ ಅಕ್ಕಿ ಆರಿಸುತ್ತಿದ್ದರು. ಸುಬ್ಬರಾಯಪ್ಪನವರೂ ಪೇಪರ್ ಸಮೇತ ಬಂದಿದ್ದರು. ಕೃಷ್ಣಮೂರ್ತಿ ಸೋದರಳಿಯನನ್ನು ಕಂಡದ್ದೇ, "ಬಾರೋ, ಹಿತ್ತಲಿಗೆ ಹೋಗೋಣ" ಎಂದು ಎದ್ದರು. ಸಂಕರ್ಷಣ ಹಿತ್ತಲ ತನಕ ಕಾಯಲಿಲ್ಲ.

"ಮಾವ, ನೀವು ಓದಿದ್ದೆಲ್ಲ ನಿಜ. ನಾನು ಈರುಳ್ಳಿ ತಿಂತೀನಿ. ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ, ದಿನಾ ತಿಂತೀನಿ. ಮೃದುಲಾಗೆ ಬರ್ದಿದ್ದೂ ನಾನೇ. ಈ ಸಂಬಂಧ ಮಾತ್ರ ತಪ್ಪಿಸ್ಬೇಡಿ."

ಗುಂಡಮ್ಮನ ಕೈಯಿಂದ ಮೊರ ಜಾರಿತು. ಆಮೇಲೆ ಸ್ವಲ್ಪ ಹೊತ್ತು ಅಳು, ಬೈಗುಳ, ತೀರಿಕೊಂಡ ತಂದೆಯ ಹೆಸರು ಎಲ್ಲ ಬಂದುಹೋದವು. ಕೊನೆಗೆ ಗುಂಡಮ್ಮ ಬೃಂದಾವನದಿಂದ ಒಂದು ತುಳಸಿ ದಳ ಕಿತ್ತು ತಂದು ಮಗನ ಅಂಗೈಯಲ್ಲಿಟ್ಟರು. ಮೃದುಲಾಳಿಗಾಗಿ ಅವನು ಅವತ್ತು ಏನು ಬೇಕಾದರೂ ಬಿಡುತ್ತಿದ್ದ. ತುಳಸಿ ಹಿಡಿದು, ಇನ್ನು ಜೀವಮಾನದಲ್ಲಿ ಈರುಳ್ಳಿ ಮುಟ್ಟುವುದಿಲ್ಲ ಎಂದು ತಾಯಿಯ ಮುಂದೆ ಆಣೆ ಇಟ್ಟ. ಸುಬ್ಬರಾಯಪ್ಪನವರು ಸಾಕ್ಷಿಯಾದರು.

ಆಮೇಲೆ ಮಾವ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿದರು.

"ಲೋ, ಯಾವ ಮೇಲು? ನಾನೇನೋ ಓದಿದ್ದು?"

"ಮಧ್ಯಾಹ್ನ ಕಂಪ್ಯೂಟರ್‌ನಲ್ಲಿ..."

"ಇಸ್ಪೀಟು ಕಣೋ. ನಮ್ಮ ಆಫೀಸಿನ ಕಂಪ್ಯೂಟರ್‌ಗೆ ಇಂಟರ್‌ನೆಟ್ಟೂ ಇಲ್ಲ, ಏನೂ ಇಲ್ಲ, ಕರೆಂಟಿನ ವೈರು ಒಂದೇ. ನಂಗೆ ಅದ್ರಲ್ಲಿ ಬರೋದು ಅದೊಂದು ಆಟ. ಇಸ್ಪೀಟು ಮುಟ್ಟಲ್ಲ ಅಂತ ನಿಮ್ಮಮ್ಮನಿಗೆ ಮಾತು ಕೊಟ್ಟಿದೀನಿ. ನೀನು ನೋಡ್ಬಿಟ್ಟೆಯಲ್ಲ, ಹೇಳ್ಬೇಡಪ್ಪ ಅಂತ ಕೇಳ್ಕೊಳ್ಳೋಕೆ ಕರ್ದೆ."

ಸಂಕರ್ಷಣ ಬಾವಿಕಟ್ಟೆಯ ಮೇಲೆ ಕುಸಿದ. ಸರ್ಕಾರ ಅವನ ಒಂದು ಅಕ್ಷರವನ್ನೂ ಓದಿರಲಿಲ್ಲ. ಮಾವ ಮರುಕದಿಂದ ಅವನ ಬೆನ್ನು ಸವರಿ, ಹೋಗಲಿ ಬಿಡು, ಸಂಬಂಧ ತಪ್ಪಿಸೋಕೆ ನಾನ್ಯಾರು, ಮೊದಲು ಹೋಗಿ ಹುಡುಗಿ ಏನು ಬರ್ದಿದಾಳೆ ನೋಡು ಎಂದರು. ಇಷ್ಟಾದ ಮೇಲೆ ಮೇಲ್‌ಗೆ ಹೆದರುವುದು ಏನಿದೆ? ಗುಟ್ಟನ್ನು ಹೊರಗೆ ಬಿಡದೆ ಇರುವುದು ಈ ಊರಿನಲ್ಲಿ ಅದೊಂದೇ. ಸಂಕರ್ಷಣ ಓಡಿದ.

ಶ್ರೀಧರನ ಸೆಂಟರಿನಲ್ಲಿ ಪರದೆ ಎಳೆದುಕೊಂಡು ಕೂತ. ಪುಟ ತೆರೆದುಕೊಳ್ಳುವಷ್ಟರಲ್ಲಿ ಅವನಿಗೆ ಎಲ್ಲ ದೇವರ ಸ್ತೋತ್ರವೂ ಮುಗಿಯಿತು. ಮೃದುಲಾ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದಳು. ಮೇಲ್ ಬೆಳಿಗ್ಗೆಯೇ ಬಂದು ಕೂತಿತ್ತು.

"ನಿಮ್ಮ ಪತ್ರ ಓದಿ ಎಷ್ಟು ನಕ್ಕೆ ಗೊತ್ತಾ? ಆಮೇಲೆ ಅತ್ತುಬಿಟ್ಟೆ. ಇದುವರೆಗೆ ಬಂದ ಗಂಡುಗಳೆಲ್ಲ ಮಡಿ ಮಡಿ ಅಂದರು, ಅದಕ್ಕೇ ಎಲ್ಲರನ್ನೂ ಬೇಡ ಅಂದೆ. ನಂಗೆ ಈರುಳ್ಳಿ ಅಂದ್ರೆ ಪ್ರಾಣ. ಗೆಳತಿಯ ಮನೇಲಿ ಕದ್ದು ತಿಂತೀನಿ, ಅಮ್ಮಂಗೆ ಗೊತ್ತಿಲ್ಲ. ಇವತ್ತು ಅಪ್ಪಂಗೆ ಒಪ್ಪಿಗೆ ಹೇಳ್ತೀನಿ. ನಮ್ಮ ಮನೆ ಆದ ಮೇಲೆ ಭಾನುವಾರ ಭಾನುವಾರ ನಾನು ಈರುಳ್ಳಿ ಹುಳಿ ಮಾಡ್ತೀನಿ, ಇಬ್ಬರೂ ಒಂದೇ ತಟ್ಟೇಲಿ ತಿನ್ನೋಣ. ಒಬ್ಬಳೇ ತಿಂದು ತಿಂದು ಸಾಕಾಗಿದೆ."

ಸಂಕರ್ಷಣನಿಗೆ ಮೊದಲು ಸಂತೋಷ ಬಂತು, ಎದೆ ಬಿರಿಯುವಷ್ಟು ಬಂತು. ಅಂಗೈಯಲ್ಲಿ ಇನ್ನೂ ಇದ್ದ ತುಳಸಿಯ ವಾಸನೆ ಆಮೇಲೆ ಬಂತು.

ಏನು ಉತ್ತರ ಬರೆಯಬೇಕೋ ತಿಳಿಯದೆ ಹೊರಗೆ ಬಂದ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೊಟ್ಟೆಗೆ ಬಿದ್ದರೆ ಬುದ್ಧಿ ಬಂದೀತು ಎಂದು ಕಾಲು ತಾನಾಗಿ ಬಸ್‌ಸ್ಟ್ಯಾಂಡ್ ಹೋಟೆಲಿಗೆ ನಡೆಯಿತು. ಕೂತ ಕೂಡಲೇ ಸಪ್ಲಯರ್ ಒಂದು ಖಾಲಿ ದೋಸೆ, ಒಂದು ಬಟ್ಟಲು ಚಟ್ನಿ ತಂದಿಟ್ಟ. ಪಲ್ಯ ಇರಲಿಲ್ಲ.

"ನಾನು ಇನ್ನೂ ಏನೂ ಹೇಳಿಲ್ವಲ್ಲ?" ಎಂದ ಸಂಕರ್ಷಣ.

"ಅಮ್ಮಾವ್ರು ಈಗ ಬಂದು ಹೇಳ್ಹೋದ್ರು ಸಾರ್. ನಿಮ್ಗೆ ಇನ್ಮೇಲೆ ಈರುಳ್ಳಿ ಹಾಕ್ಬಾರ್ದಂತೆ, ಆಣೆ ಆಗೈತಂತೆ. ಈ ಸಾಲಿನ ಹೋಟ್ಲುಗಳಿಗೆಲ್ಲ ಹೇಳವ್ರೆ. ನಾಳೆ ಫಸ್ಟ್ ಬಸ್ಸಿಗೆ ಶ್ರೀನಿವಾಸಪುರಕ್ಕೆ ಹೋಗಿ ಹುಡುಗಿ ಮನೇಲೂ ಹೇಳ್ತಾರಂತೆ. ಭಾಳ ಖುಷಿಯಾಗಿದ್ರು."

ಸಂಕರ್ಷಣ ದೋಸೆ ಬಿಟ್ಟು ಎದ್ದ. ಫಸ್ಟ್ ಬಸ್ಸಿಗಿಂತ ಮುಂಚೆ ಶ್ರೀನಿವಾಸಪುರ ಮುಟ್ಟುವಂಥದ್ದು, ಗುಂಡಮ್ಮನ ಕೈಗೆ ಸಿಗದೆ ಹೋಗುವಂಥದ್ದು ಒಂದೇ ಒಂದು ಇತ್ತು. ಶ್ರೀಧರ್ ಆಗಲೇ ಅರ್ಧ ಷಟರ್ ಎಳೆದಿದ್ದ. ಸಂಕರ್ಷಣ ಬಗ್ಗಿ ಒಳಗೆ ನುಗ್ಗಿ, ಕುರ್ಚಿ ಎಳೆದುಕೊಂಡು, ಅದೇ ಮೇಲ್ ತೆಗೆದು ಬರೆಯತೊಡಗಿದ: "ಈರುಳ್ಳಿ ಹುಳಿ ಖಂಡಿತ ಮಾಡು. ನಾನು ಎದುರಿಗೆ ಕೂತು ಬಡಿಸ್ತೀನಿ. ಯಾಕೆ ಅಂತ ನಾಳೆ ನಮ್ಮಮ್ಮ ಬಂದು ಹೇಳ್ತಾರೆ, ಆಗ ಮಾತ್ರ ನಗಬೇಡ."